ಮನೋರಂಜಿನಿ ಗಿಡಕ್ಕೆ ಏನಾಗಿದೆ? ಲಕ್ಷಣ ನೋಡಿ ಕಾರಣ ಹುಡುಕುವ ಬಗೆ

ಮುಂಬೈ, ಪುಣೆ, ಗೋವಾದಲ್ಲಿ ಕನ್ನಡದವರ ಮನೆ ಎಂದರೆ ತುಳಸಿ, ಮಲ್ಲಿಗೆ, ಅಬ್ಬಲಿಗೆ ಇದ್ದೇ ಇರುತ್ತದೆ. ಮನೋರಂಜಿನಿ ಮಾತ್ರ ಅಪರೂಪ. ಊರಲ್ಲಿ ಅದರ ಘಮ ಗೊತ್ತಿದ್ದವರು ಇಲ್ಲಿಗೆ ಬಂದ ಮೇಲೆ ಹುಡುಕಿ ತಂದು ನೆಡುತ್ತಾರೆ. ಒಂದೆರಡು ವರ್ಷಕ್ಕೆ ದೂರು ಶುರುವಾಗುತ್ತದೆ. ಹೂವಿಲ್ಲ, ಘಮವಿಲ್ಲ, ಎಲೆ ಹಳದಿ, ಎಲೆಯ ಮೇಲೆ ಕಪ್ಪು ಮಸಿ. ಆಮೇಲೆ ಗೊಬ್ಬರದ ಅಂಗಡಿಗೆ ಹೋಗಿ ಸಿಕ್ಕಿದ್ದನ್ನೆಲ್ಲ ತಂದು ಸುರಿಯುತ್ತಾರೆ.

ಇದು ಗಟ್ಟಿ ಗಿಡ. ಇದಕ್ಕೆ ತಾನಾಗಿ ಬರುವ ಕಾಯಿಲೆ ಕಡಿಮೆ. ನಾವು ಜಾಸ್ತಿ ನೀರು ಹಾಕಿ, ಜಾಸ್ತಿ ಗೊಬ್ಬರ ಹಾಕಿ, ಜಾಸ್ತಿ ಕತ್ತರಿಸಿ ತರುವ ತೊಂದರೆಗಳೇ ಹೆಚ್ಚು. ಹಾಗಾಗಿ ಕೆಳಗೆ ಪ್ರತಿ ಲಕ್ಷಣಕ್ಕೂ ಖರ್ಚಿಲ್ಲದ ಪರೀಕ್ಷೆ ಮೊದಲು ಬರುತ್ತದೆ, ಔಷಧಿ ಕೊನೆಗೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಎರಡು ಮೂರು ವಾರ ಕಾಯಿರಿ. ಇದರ ಎಲೆ ದಪ್ಪ, ವರ್ಷವಿಡೀ ಹಸಿರು. ಒಳ್ಳೆಯದೂ ಕೆಟ್ಟದ್ದೂ ಇದರಲ್ಲಿ ನಿಧಾನವಾಗಿಯೇ ಕಾಣುತ್ತದೆ. ಒಂದೇ ದಿನ ನೀರು, ಜಾಗ, ಗೊಬ್ಬರ ಮೂರನ್ನೂ ಬದಲಾಯಿಸಿದರೆ ಯಾವುದರಿಂದ ಏನಾಯಿತು ಎಂದು ಯಾವತ್ತೂ ತಿಳಿಯುವುದಿಲ್ಲ.

ಮೊದಲು ಗಿಡ ಇದೇನಾ ನೋಡಿಕೊಳ್ಳಿ

ಮನೋರಂಜಿನಿ ಸೀತಾಫಲದ ಕುಟುಂಬಕ್ಕೆ ಸೇರಿದ ಗಿಡ. ಸಸ್ಯಶಾಸ್ತ್ರದ ಹೆಸರು ಅರ್ಟಬಾಟ್ರಿಸ್ ಹೆಕ್ಸಾಪೆಟಾಲಸ್. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಇದರ ತವರು. ಚಿಕ್ಕದಿದ್ದಾಗ ಸುಮ್ನೆ ಒಂದು ಪೊದೆ. ದೊಡ್ಡದಾದ ಮೇಲೆ ಉದ್ದುದ್ದ ರೆಂಬೆ ಚಾಚಿ, ಪಕ್ಕದಲ್ಲಿ ಏನು ಸಿಕ್ಕಿದರೂ ಕೊಕ್ಕೆ ಹಾಕಿ ಹತ್ತುತ್ತದೆ. ಎಲೆ ಉದ್ದ, ಹೊಳೆಯುವ ಕಡು ಹಸಿರು. ಹೂವಿಗೆ ದಪ್ಪನೆಯ ಆರು ಎಸಳು, ಮೂರು ಒಳಗೆ, ಮೂರು ಹೊರಗೆ. ಅರಳುವಾಗ ಹಸಿರು, ಮಾಗಿದಾಗ ಹಳದಿ.

ಮಹಾರಾಷ್ಟ್ರದ ನರ್ಸರಿಗಳಲ್ಲಿ ‘ಹಿರವಾ ಚಾಫಾ’ ಎಂದು ಕೇಳಬೇಕು. ಇಲ್ಲೇ ಎಡವಟ್ಟು ಆಗುವುದು. ಅದೇ ಹೆಸರಿನಲ್ಲಿ ಇಲಾಂಗ್ ಇಲಾಂಗ್ ಗಿಡ ಕೊಡುವುದೂ ಇದೆ. ಅದೂ ಸೀತಾಫಲದ ಕುಟುಂಬದ್ದೇ, ಅದಕ್ಕೂ ಘಮವಿದೆ. ಆದರೆ ಅದರ ಎಸಳು ತೆಳ್ಳಗೆ, ಉದ್ದಕ್ಕೆ, ತಿರುಚಿಕೊಂಡು ಜೋತು ಬೀಳುತ್ತವೆ. ಮನೋರಂಜಿನಿಯ ಎಸಳು ಅಗಲ, ಮಾಂಸಲ. ಹೂ ಬರುವ ಮೊದಲೇ ಗುರುತಿಸಬೇಕಾದರೆ ಬಲಿತ ರೆಂಬೆಯನ್ನು ನೋಡಿ. ಎಲೆಯ ಎದುರು ಬದಿಯಲ್ಲಿ ಬಾಗಿದ ಗಟ್ಟಿ ಕೊಕ್ಕೆ ಇದ್ದರೆ ಮನೋರಂಜಿನಿ. ಇಲಾಂಗ್ ಇಲಾಂಗ್‌ಗೆ ಕೊಕ್ಕೆ ಇರುವುದಿಲ್ಲ. ಬೇರೆ ಗಿಡವೇ ಆಗಿದ್ದರೆ ಕೆಳಗಿನ ಪರೀಕ್ಷೆಗಳಲ್ಲಿ ಅರ್ಧ ನಿಮಗೆ ಉಪಯೋಗಕ್ಕೆ ಬರುವುದಿಲ್ಲ.

‘ಗಿಡ ಚೆನ್ನಾಗಿದೆ, ಆದರೆ ಹೂವೇ ಇಲ್ಲ’

ಎಲ್ಲಕ್ಕಿಂತ ಜಾಸ್ತಿ ಕೇಳಿ ಬರುವ ದೂರು ಇದು. ಇದರ ಮೊದಲ ಪರೀಕ್ಷೆ ಕಣ್ಣಿನದು. ಹೂವು ಇರಬಹುದು, ನಿಮಗೆ ಕಂಡಿಲ್ಲದಿರಬಹುದು. ಹೊಸ ಹೂವಿನ ಬಣ್ಣ ಎಲೆಯ ಬಣ್ಣವೇ. ಅದೂ ಎಲೆಯ ಅಡಿಯಲ್ಲಿ ತಲೆ ತಗ್ಗಿಸಿಕೊಂಡಿರುತ್ತದೆ. ಡೊಂಬಿವಲಿಯ ಪರಿಚಯದ ಹುಡುಗಿಯೊಬ್ಬಳು ‘ಅಕ್ಕಾ, ಇದು ಹೂವೇ ಬಿಡ್ತಿಲ್ಲ, ಕಿತ್ತು ಹಾಕಿಬಿಡ್ಲಾ?’ ಎಂದು ಫೋನ್ ಮಾಡಿದ್ದಳು. ಕುಂಡದ ಸುತ್ತ ಏನಾದರೂ ಬಿದ್ದಿದೆಯಾ ನೋಡು ಎಂದೆ. ದಪ್ಪ ದಪ್ಪ ಹಳದಿ ಎಸಳು ಬಿದ್ದಿದ್ದವು. ಗಿಡ ಹೂ ಬಿಟ್ಟು, ಮಾಗಿ, ಉದುರಿಸಿಯೂ ಆಗಿತ್ತು. ಆದ್ದರಿಂದ ಮೊದಲು ನೆಲ ನೋಡಿ. ಆಮೇಲೆ ಕೆಳಗೆ ಕೂತು ಮೇಲಕ್ಕೆ ನೋಡಿ. ನಿಂತು ನೋಡಿದರೆ ಹೂ ಸಿಗುವುದಿಲ್ಲ.

ಹೂ ನಿಜವಾಗಿಯೂ ಇಲ್ಲದಿದ್ದರೆ ಕೊಕ್ಕೆ ಹುಡುಕಿ. ಹೂ ಬರುವುದು ಆ ಕೊಕ್ಕೆಯ ಮೇಲೆಯೇ. ಹೂವಿನ ತೊಟ್ಟೇ ಬಾಗಿ, ಗಟ್ಟಿಯಾಗಿ, ಹತ್ತುವ ಕೊಕ್ಕೆಯೂ ಆಗಿರುತ್ತದೆ. ಕೊಕ್ಕೆ ಒಂದೂ ಇಲ್ಲ ಎಂದರೆ ಗಿಡ ಇನ್ನೂ ಬಲಿತಿಲ್ಲ. ಬೀಜದಿಂದ ಬಂದ ಗಿಡ ಹೂ ಬಿಡಲು ಹಲವು ವರ್ಷ ತೆಗೆದುಕೊಳ್ಳುತ್ತದೆ. ಬಲಿತ ರೆಂಬೆಗೆ ಗೂಟಿ ಕಟ್ಟಿ, ಅಂದರೆ ರೆಂಬೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸಿ ಮಾಡಿದ ಗಿಡ ಬೇಗ ಬಿಡುತ್ತದೆ. ಬೀಜದ ಗಿಡವಾದರೆ ಇಲ್ಲಿ ನಿಲ್ಲಿಸಿ, ಕಾಯಿರಿ. ಯಾವ ಟಾನಿಕ್ಕೂ ವಯಸ್ಸನ್ನು ಹೆಚ್ಚಿಸುವುದಿಲ್ಲ.

ಕೊಕ್ಕೆ ಇದೆ, ಹೂವಿಲ್ಲ. ಈಗ ಕತ್ತರಿಯ ಲೆಕ್ಕ ಕೇಳಿ. ಸೊಸೈಟಿಯ ಮಾಲಿ ತಿಂಗಳಿಗೊಮ್ಮೆ ಬಂದು ಎಲ್ಲ ಗಿಡಗಳನ್ನೂ ಒಂದೇ ಎತ್ತರಕ್ಕೆ ಕತ್ತರಿಸಿ ಹೋಗುತ್ತಾನೆಯೇ? ಹಾಗಿದ್ದರೆ ಕಾರಣ ಸಿಕ್ಕಿತು. ಚಾಚಿದ ರೆಂಬೆ ಕತ್ತರಿಸಿದರೆ ಅದರ ಮೇಲಿನ ಕೊಕ್ಕೆಯೂ ಹೋಯಿತು, ಹೂವೂ ಹೋಯಿತು. ಇದು ಬೇಲಿ ಗಿಡದ ಹಾಗೆ ಚೌಕಾಕಾರಕ್ಕೆ ಒಗ್ಗುವ ಗಿಡವಲ್ಲ. ಹತ್ತಲು ಒಂದು ಗ್ರಿಲ್, ಕಮಾನು ಅಥವಾ ಬಿದಿರಿನ ಚೌಕಟ್ಟು ಕೊಡಿ. ಒಂದು ಪೂರ್ತಿ ವರ್ಷ ಕತ್ತರಿ ಮುಟ್ಟಬೇಡಿ.

ಮುಂದಿನದು ಬಿಸಿಲು. ಗಿಡ ಅರೆನೆರಳಲ್ಲಿ ಬದುಕುತ್ತದೆ, ಆದರೆ ಹೂವಿಗೆ ದಿನಕ್ಕೆ ನಾಲ್ಕೈದು ಗಂಟೆ ನೇರ ಬಿಸಿಲು ಬೇಕು. ರಜಾ ದಿನ ಮನೆಯಲ್ಲಿದ್ದು ಲೆಕ್ಕ ಹಾಕಿ. ಮುಂಬೈಯಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಬಾಲ್ಕನಿ ಇರುವವರು ಒಂದು ವಿಷಯ ಗಮನಿಸಬೇಕು. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಬಿಸಿಲು ಒಳಗಿನವರೆಗೂ ಬರುತ್ತದೆ. ಮೇ ತಿಂಗಳಲ್ಲಿ ಸೂರ್ಯ ನೆತ್ತಿಯ ಮೇಲೆ. ಆಗ ಮೇಲಿನ ಮಹಡಿಯ ಸ್ಲ್ಯಾಬೇ ಬಿಸಿಲನ್ನು ತಡೆಯುತ್ತದೆ. ಮನೋರಂಜಿನಿ ಜಾಸ್ತಿ ಹೂ ಬಿಡುವುದು ಬೇಸಗೆಯಿಂದ ಮಳೆಗಾಲದವರೆಗೆ, ಅಂದರೆ ನಿಮ್ಮ ಬಾಲ್ಕನಿಗೆ ಬಿಸಿಲು ಕಡಿಮೆ ಇರುವ ಹೊತ್ತಿಗೇ. ಚಳಿಗಾಲದಲ್ಲಿ ನೋಡಿ ‘ಇಲ್ಲಿ ಬಿಸಿಲು ಚೆನ್ನಾಗಿದೆ’ ಎಂದು ಕುಂಡ ಇಟ್ಟವರಿಗೆ ಮೋಸವಾಗುವುದು ಹೀಗೆ. ಪೂರ್ವ ಅಥವಾ ಪಶ್ಚಿಮದ ಬದಿ ಒಳ್ಳೆಯದು. ಟೆರೇಸ್ ಆದರೆ ತೊಂದರೆಯೇ ಇಲ್ಲ.

ಬಿಸಿಲೂ ಇದೆ, ಕತ್ತರಿಯೂ ಇಲ್ಲ. ಎಲೆ ಮಾತ್ರ ದೊಡ್ಡದು, ಮೃದು, ಕಡು ಹಸಿರು, ರೆಂಬೆ ಮೇಲೆ ರೆಂಬೆ. ಆಗ ಯೂರಿಯಾ ಅಥವಾ ಹಿಂಡಿಯ ನೀರು ಜಾಸ್ತಿಯಾಗಿದೆ. ಸಾರಜನಕ ಸಿಕ್ಕಷ್ಟೂ ಗಿಡ ಎಲೆಯ ಕಡೆಗೇ ಹೋಗುತ್ತದೆ. ಮೂರು ತಿಂಗಳು ಎಲ್ಲವನ್ನೂ ನಿಲ್ಲಿಸಿ. ಆಮೇಲೆ ಎರೆಗೊಬ್ಬರ ಎರಡು ಹಿಡಿ, ಸ್ವಲ್ಪ ಮೂಳೆಪುಡಿ ಸಾಕು.

ಕೊನೆಯ ಪರೀಕ್ಷೆ ಕುಂಡ. ತಳದ ತೂತಿನಿಂದ ಬೇರು ಹೊರಗೆ ಬಂದಿದೆಯೇ? ನೀರು ಹಾಕಿದ ಕೂಡಲೇ ಬದಿಯಿಂದ ಹರಿದು ಹೋಗುತ್ತದೆಯೇ? ಬೇರಿಗೆ ಜಾಗ ಮುಗಿದಿದೆ. 12 ಇಂಚಿನ ಕುಂಡ ಮೊದಲ ಒಂದೆರಡು ವರ್ಷಕ್ಕೆ ಮಾತ್ರ. ಆಮೇಲೆ 18 ಇಂಚಿನದು ಅಥವಾ ಅರ್ಧಕ್ಕೆ ಕತ್ತರಿಸಿದ ನೀಲಿ ಡ್ರಮ್ ಬೇಕು. ಬದಲಾಯಿಸುವುದು ಮಳೆ ಶುರುವಾಗುವ ಹೊತ್ತಿಗೆ ಒಳ್ಳೆಯದು. ಬೇರಿನ ಮುದ್ದೆಯನ್ನು ಬಿಡಿಸಲು ಹೋಗಬೇಡಿ, ಹಾಗೆಯೇ ಇಡಿ.

‘ಹೂವಿದೆ, ಘಮವಿಲ್ಲ’

ಹಸಿರು ಹೂವನ್ನು ಮೂಗಿಗೆ ಹಿಡಿದು ಬೇಜಾರಾಗುವವರೇ ಜಾಸ್ತಿ. ಹಸಿರಿದ್ದಾಗ ಇದಕ್ಕೆ ಹೇಳಿಕೊಳ್ಳುವ ವಾಸನೆಯಿಲ್ಲ. ಹಳದಿಗೆ ತಿರುಗಿದ ಮೇಲೆಯೇ ಮಾಗಿದ ಹಣ್ಣಿನ ಘಮ ಏಳುತ್ತದೆ, ಕೋಣೆ ತುಂಬುವಷ್ಟು. ಹಾಗಾಗಿ ಬಣ್ಣ ತಿರುಗುವವರೆಗೆ ಗಿಡದಲ್ಲೇ ಬಿಡಿ. ತಿರುಗಲು ಶುರುವಾದ ಹೂವನ್ನು ಕಿತ್ತು ಬಟ್ಟಲಲ್ಲಿ ನೀರು ಹಾಕಿ ತೇಲಿಬಿಟ್ಟರೆ ಮನೆಯೊಳಗೇ ಮಾಗುತ್ತದೆ. ದೇವರ ಮುಂದೆ ಒಂದು ಹೂ ಸಾಕು.

ಹಳದಿಯಾದ ಮೇಲೂ ಘಮವಿಲ್ಲದಿದ್ದರೆ ಎರಡು ಕಾರಣ ಇರಬಹುದು. ಒಂದು, ಹೂ ಪೂರ್ತಿ ಮಾಗಿ ಕಂದು ಕಲೆ ಬಂದು ಹಳೆಯದಾಗಿದೆ. ಇನ್ನೊಂದು, ಜೋರು ಮಳೆ, ಗಾಳಿ. ಜುಲೈನಲ್ಲಿ ಘಮವೆಲ್ಲ ಗಾಳಿಗೆ ಹೋಗುತ್ತದೆ. ಸಂಜೆ ಗಾಳಿ ನಿಂತಾಗ ನೋಡಿ. ಯಾವ ಹೊತ್ತಿನಲ್ಲೂ, ಯಾವ ಬಣ್ಣದಲ್ಲೂ ಘಮವೇ ಇಲ್ಲ ಎಂದರೆ ಗಿಡ ಬೇರೆಯೇ ಇರಬಹುದು. ಮೇಲೆ ಹೇಳಿದ ಕೊಕ್ಕೆಯ ಪರೀಕ್ಷೆಗೆ ಮರಳಿ ಹೋಗಿ.

‘ಎಲೆ ಹಳದಿಯಾಗುತ್ತಿದೆ’

ಇಲ್ಲಿ ಅವಸರ ಬೇಡ. ಹಳದಿ ಎಲೆಗೆ ಕಾರಣ ಒಂದಲ್ಲ. ಯಾವ ಎಲೆ, ಹೇಗೆ ಹಳದಿ ಎಂಬುದೇ ಉತ್ತರ.

ಕೆಳಗಿನ ಒಳಬದಿಯ ಹಳೆಯ ಎಲೆ ಒಂದೊಂದಾಗಿ ಹಳದಿಯಾಗಿ ಬಿದ್ದರೆ ಏನೂ ಮಾಡಬೇಡಿ. ಹಸಿರು ಗಿಡವೂ ಹಳೆಯ ಎಲೆ ಬದಲಾಯಿಸುತ್ತದೆ. ಅದಕ್ಕೂ ಗೊಬ್ಬರ ಹಾಕುತ್ತಾ ಹೋದರೆ ಇಲ್ಲದ ತೊಂದರೆ ತಂದ ಹಾಗೆ.

ತುಂಬಾ ಎಲೆಗಳು ಒಟ್ಟಿಗೆ ಹಳದಿಯಾದರೆ ಬೆರಳನ್ನು ಮಣ್ಣಿಗೆ ಎರಡು ಇಂಚು ಇಳಿಸಿ. ಒದ್ದೆಯಿದ್ದರೆ ನೀರು ಜಾಸ್ತಿ. ಒಣಗಿದ್ದರೆ ನೀರು ಕಡಿಮೆ. ಮೇಲ್ಮಣ್ಣು ನೋಡಿ ತೀರ್ಮಾನಿಸಬೇಡಿ. ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಹಾಕಿದ ಕುಂಡ ಮೇಲೆ ಒಣಗಿ ಕಂಡರೂ ಒಳಗೆ ಒದ್ದೆ ಇರುತ್ತದೆ. ಕುಂಡ ಎತ್ತಿ ನೋಡುವುದೂ ಒಳ್ಳೆಯ ಅಭ್ಯಾಸ. ತೂಕವೇ ಹೇಳುತ್ತದೆ.

ಮೇಲಿನ ಎಳೆಯ ಎಲೆ ಹಳದಿ, ಆದರೆ ನರಗಳು ಮಾತ್ರ ಹಸಿರು. ಈ ಲಕ್ಷಣ ಪುಣೆಯವರಿಗೆ ಚೆನ್ನಾಗಿ ಗೊತ್ತು. ಇದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಕ್ಷಾರ ಜಾಸ್ತಿಯಾದಾಗ ಬೇರಿಗೆ ಸಿಗುವುದಿಲ್ಲ. ಪುಣೆಯ ಸುತ್ತಿನ ಕಪ್ಪು ಮಣ್ಣು ಅಂಟು, ಸುಣ್ಣದ ಅಂಶವೂ ಇರುತ್ತದೆ. ಜೊತೆಗೆ ವಾಘೋಲಿಯಂಥ ಹೊಸ ಬಡಾವಣೆಗಳಲ್ಲಿ ಟ್ಯಾಂಕರ್ ಅಥವಾ ಬೋರ್‌ವೆಲ್‌ನ ಗಡಸು ನೀರು. ಖರ್ಚಿಲ್ಲದ ಪರೀಕ್ಷೆ ಹೀಗಿದೆ. ಕುಂಡದ ಅಂಚಿನಲ್ಲಿ, ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿದೆಯೇ? ಮನೆಯ ನಲ್ಲಿಯ ಬಾಯಿಗೆ, ಗೀಸರಿಗೆ ಸುಣ್ಣ ಹಿಡಿಯುತ್ತದೆಯೇ? ಹೌದಾದರೆ ದೋಷ ನೀರಿನದು.

ಪರಿಹಾರವೂ ಅಗ್ಗದಿಂದಲೇ ಶುರುವಾಗಲಿ. ಬಿಳಿ ಪದರವನ್ನು ಮಣ್ಣಿನೊಂದಿಗೆ ಒಂದು ಇಂಚು ಕೆರೆದು ತೆಗೆಯಿರಿ. ಅಲ್ಲಿ ಚೆನ್ನಾಗಿ ಕೊಳೆತ ಎಲೆಗೊಬ್ಬರ ತುಂಬಿ. ಮಳೆಗಾಲದಲ್ಲಿ ಕುಂಡವನ್ನು ಒಂದೆರಡು ದಿನ ಬಯಲಿಗಿಡಿ, ಉಪ್ಪು ತೊಳೆದು ಹೋಗುತ್ತದೆ. ಮಳೆನೀರು ಹಿಡಿದಿಟ್ಟರೆ ಇನ್ನೂ ಒಳ್ಳೆಯದು. ಒಂದು ತಿಂಗಳಲ್ಲಿ ಹೊಸ ಚಿಗುರು ಹಸಿರಾಗಿ ಬರದಿದ್ದರೆ ಮಾತ್ರ ಚಿಲೇಟೆಡ್ ಐರನ್ (ಬೇರಿಗೆ ಸುಲಭವಾಗಿ ಸಿಗುವ ರೂಪದ ಕಬ್ಬಿಣ) ತನ್ನಿ. ಪೊಟ್ಟಣದ ಮೇಲೆ ಬರೆದ ಅಳತೆ ಮೀರಬೇಡಿ. ಈಗಾಗಲೇ ಹಳದಿಯಾದ ಎಲೆ ಪೂರ್ತಿ ಹಸಿರಾಗದೇ ಇರಬಹುದು, ಹೊಸ ಚಿಗುರನ್ನು ನೋಡಿ ತೀರ್ಮಾನಿಸಿ.

ಇದೇ ಹಸಿರು ನರದ ಹಳದಿ ಹಳೆಯ ಎಲೆಗಳಲ್ಲಿ ಕಂಡರೆ ಅದು ಮೆಗ್ನೀಷಿಯಂ ಕೊರತೆ. ಗೋವಾದ ಜಂಬಿಟ್ಟಿಗೆ ಮಣ್ಣು ಹುಳಿ ಸ್ವಭಾವದ್ದು. ಅಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿದು ಪೋಷಕಾಂಶ ತೊಳೆದು ಹೋಗುತ್ತದೆ. ಒಂದು ಲೀಟರ್ ನೀರಿಗೆ ಒಂದು ಚಮಚ ಎಪ್ಸಮ್ ಸಾಲ್ಟ್ (ಮೆಗ್ನೀಷಿಯಂ ಸಲ್ಫೇಟ್) ಕರಗಿಸಿ ಬುಡಕ್ಕೆ ಹಾಕಿ, ಮೂರು ವಾರ ಬಿಟ್ಟು ನೋಡಿ. ಹಳೆಯ ಎಲೆಗಳು ನರವೂ ಸೇರಿ ಒಂದೇ ಸಮ ಪೇಲವವಾದರೆ ಸಾರಜನಕ ಕಡಿಮೆ. ಅದಕ್ಕೆ ಹಳೆಯ ಸಗಣಿ ಗೊಬ್ಬರ ಸಾಕು.

‘ಎಲೆಯ ಅಂಚು ಒಣಗಿ ಕಂದಾಗಿದೆ’

ಯಾವ ಬದಿಯ ಎಲೆ ಎಂದು ನೋಡಿ. ಸಮುದ್ರದ ಕಡೆಗಿರುವ ಬದಿ ಮಾತ್ರ ಸುಟ್ಟ ಹಾಗಾಗಿದ್ದರೆ ಉಪ್ಪುಗಾಳಿ. ವರ್ಸೋವಾ, ವರ್ಲಿ, ಗೋವಾದ ಮೀರಾಮಾರ್ ಕಡೆಯ ಮನೆಗಳಲ್ಲಿ ಇದು ಸಾಮಾನ್ಯ. ವಾರಕ್ಕೊಮ್ಮೆ ಬೆಳಿಗ್ಗೆ ಸಿಹಿನೀರಲ್ಲಿ ಎಲೆ ತೊಳೆಯಿರಿ. ಗಾಳಿಗೆ ಅಡ್ಡವಾಗಿ ಹಸಿರು ಬಲೆ ಕಟ್ಟಿ. ಬಿಸಿಲು ಬೀಳುವ ಬದಿ ಮಾತ್ರ ಬಿಳಚಿ ಒಣಗಿದ್ದರೆ ಪುಣೆಯ ಏಪ್ರಿಲ್-ಮೇ ಬಿಸಿಲಿನ ಕೆಲಸ. ಮಧ್ಯಾಹ್ನದ ಹೊತ್ತಿಗೆ ನೆರಳು ಸಿಗುವಲ್ಲಿಗೆ ಸರಿಸಿ. ಎಲ್ಲ ಬದಿಯ ಎಲೆಯ ತುದಿಯೂ ಒಣಗಿದ್ದರೆ ಗೊಬ್ಬರ ಜಾಸ್ತಿ ಅಥವಾ ನೀರಿನಲ್ಲಿ ಉಪ್ಪು ಜಾಸ್ತಿ. ತಳದಿಂದ ಧಾರಾಳವಾಗಿ ಹರಿದು ಹೋಗುವಷ್ಟು ಒಳ್ಳೆಯ ನೀರು ಹಾಕಿ ಒಮ್ಮೆ ತೊಳೆಯಿರಿ, ಆಮೇಲೆ ಎರಡು ತಿಂಗಳು ಗೊಬ್ಬರ ಬೇಡ.

‘ಮಣ್ಣು ಒದ್ದೆ ಇದೆ, ಆದರೂ ಗಿಡ ಬಾಡಿದೆ’

ಈ ಲಕ್ಷಣ ಕಂಡ ದಿನವೇ ಕೈ ಹಾಕಿ. ಉಳಿದವಕ್ಕೆಲ್ಲ ಕಾಯಬಹುದು, ಇದಕ್ಕೆ ಕಾಯುವ ಹಾಗಿಲ್ಲ. ಬಾಡಿದ ಗಿಡ ಕಂಡ ಕೂಡಲೇ ಮನೆಯಲ್ಲಿ ಯಾರಾದರೂ ಒಂದು ಚೊಂಬು ನೀರು ಹಾಕಿಬಿಡುತ್ತಾರೆ. ಬೇರು ಕೊಳೆಯುತ್ತಿರುವಾಗ ಆ ನೀರೇ ಗಿಡವನ್ನು ಕೊಲ್ಲುತ್ತದೆ. ಮುಂಬೈಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 2000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಬಯಲಿಗಿಟ್ಟ ಕುಂಡಕ್ಕೆ ನಾಲ್ಕು ತಿಂಗಳು ನೀರು ಹಾಕುವ ಅಗತ್ಯವೇ ಇರುವುದಿಲ್ಲ.

ಮೊದಲು ತಳದ ತಟ್ಟೆ ತೆಗೆಯಿರಿ. ಡೆಂಗಿ ಸೊಳ್ಳೆ ಹುಟ್ಟುವುದೂ ಅಂಥ ನಿಂತ ನೀರಿನಲ್ಲೇ. ಆಮೇಲೆ ತೂತಿಗೆ ಕಡ್ಡಿ ಹಾಕಿ. ಕೆಂಪು ಮಣ್ಣು ಅಂಟಿಕೊಂಡು ತೂತು ಮುಚ್ಚಿರುವುದು ಬಹಳ. ಮುಂಬೈಯಲ್ಲಿ ಮೂಟೆಯಲ್ಲಿ ಸಿಗುವ ‘ಲಾಲ್ ಮಿಟ್ಟಿ’ ಒಂದನ್ನೇ ತುಂಬಿದರೆ ಎರಡು ಮಳೆಗಾಲಕ್ಕೆ ಇಟ್ಟಿಗೆಯಾಗುತ್ತದೆ. ಕುಂಡವನ್ನು ಎರಡು ಇಟ್ಟಿಗೆಯ ಮೇಲೆ ಎತ್ತಿ ಇಡಿ, ಮಳೆ ಬೀಳದ ಜಾಗಕ್ಕೆ ಸರಿಸಿ.

ಮೂರು ನಾಲ್ಕು ದಿನದಲ್ಲಿ ಚೇತರಿಸದಿದ್ದರೆ ಗಿಡವನ್ನು ಕುಂಡದಿಂದ ಹೊರಗೆ ತೆಗೆದು ಬೇರು ನೋಡಿ. ಗಟ್ಟಿ, ತಿಳಿ ಬಣ್ಣದ ಬೇರು ಬದುಕಿದೆ. ಕಪ್ಪಾಗಿ, ಮೆತ್ತಗೆ, ಸಿಪ್ಪೆ ಜಾರುವ ಹಾಗಿದ್ದು ಕೆಟ್ಟ ವಾಸನೆ ಬಂದರೆ ಕೊಳೆತಿದೆ. ಕೊಳೆತದ್ದನ್ನು ಚೊಕ್ಕ ಕತ್ತರಿಯಿಂದ ತೆಗೆಯಿರಿ. ಬೇರು ಎಷ್ಟು ಹೋಯಿತೋ ಅದಕ್ಕೆ ತಕ್ಕಂತೆ ಮೇಲಿನ ಎಲೆಯನ್ನೂ ಕಡಿಮೆ ಮಾಡಿ. ಹೊಸ ಮಣ್ಣಿಗೆ ಕೆಂಪು ಮಣ್ಣು, ಎಲೆಗೊಬ್ಬರ, ದಪ್ಪ ಮರಳು ಮೂರೂ ಸಮ ಇರಲಿ. ಬೇರೆ ಗೊಬ್ಬರ ಬೇಡ. ಹೊಸ ಚಿಗುರು ಬರುವವರೆಗೆ ನೆರಳಲ್ಲಿಡಿ.

ಬೇರಿನಲ್ಲಿ ಮುಕ್ಕಾಲು ಭಾಗ ಕಪ್ಪಾಗಿದ್ದರೆ, ಅಥವಾ ಬುಡದ ತೊಗಟೆ ಉಗುರಿನಿಂದ ಕೆರೆದಾಗ ಒಳಗೂ ಕಂದು ಬಣ್ಣವೇ ಇದ್ದರೆ ಅಲ್ಲಿಗೆ ನಿಲ್ಲಿಸಿ. ಆ ಗಿಡ ಉಳಿಯುವುದು ಕಷ್ಟ. ಮೇಲಿನ ರೆಂಬೆ ಇನ್ನೂ ಹಸಿರಾಗಿದ್ದರೆ ಕೆಲವು ಕಡ್ಡಿ ತೆಗೆದು ನೆಟ್ಟು ನೋಡಬಹುದು, ಬರುವ ಭರವಸೆ ಕಡಿಮೆ. ಆ ಮಣ್ಣನ್ನು ಬೇರೆ ಕುಂಡಕ್ಕೆ ಹಾಕಬೇಡಿ.

‘ಎಲೆಯ ಮೇಲೆ ಅಂಟು, ಅದರ ಮೇಲೆ ಕಪ್ಪು ಮಸಿ’

ಬೆರಳಿನಿಂದ ಒರೆಸಿ. ಮಸಿ ಬಂದುಬಿಟ್ಟು ಕೆಳಗೆ ಹಸಿರು ಎಲೆ ಕಂಡರೆ ಎಲೆಗೆ ರೋಗವಿಲ್ಲ. ಮಸಿ ಬೆಳೆದಿರುವುದು ಅಂಟಿನ ಮೇಲೆ. ಅಂಟು ಬಂದಿರುವುದು ರಸ ಹೀರುವ ಹುಳುವಿನಿಂದ. ಎಲೆಯ ಹಿಂದೆ, ತೊಟ್ಟಿನ ಸಂದಿಯಲ್ಲಿ ನೋಡಿ. ಹತ್ತಿಯ ಹಾಗೆ ಬೆಳ್ಳಗೆ ಇದ್ದರೆ ಹಿಟ್ಟು ತಿಗಣೆ. ಉಗುರಿಗೆ ಕಿತ್ತು ಬರುವ ಕಂದು ಬೊಟ್ಟಿನಂತಿದ್ದರೆ ಚಿಪ್ಪು ಕೀಟ.

ಇರುವೆ ಸಾಲು ಹತ್ತುತ್ತಿದೆಯೇ ಎಂದೂ ನೋಡಿ. ಅಂಟಿನ ಆಸೆಗೆ ಇರುವೆಗಳು ಈ ಹುಳುಗಳನ್ನು ಕಾಯುತ್ತವೆ. ಇರುವೆ ತಡೆಯದೆ ಔಷಧಿ ಹೊಡೆದರೆ ತಿಂಗಳಲ್ಲಿ ಮತ್ತೆ ಅದೇ ಕಥೆ. ಹತ್ತಲು ಕೊಟ್ಟ ಆಸರೆ ಬಿಟ್ಟು ಬೇರೆ ಗೋಡೆಗೆ, ಗ್ರಿಲ್‌ಗೆ ಗಿಡದ ರೆಂಬೆ ತಾಗದಂತೆ ನೋಡಿಕೊಂಡರೆ ಅವುಗಳ ದಾರಿ ತಪ್ಪುತ್ತದೆ. ಗೋವಾದ ತೋಟಗಳಲ್ಲಿ ಎಲೆ ಸೇರಿಸಿ ಗೂಡು ಕಟ್ಟುವ ಕೆಂಪು ಚಗಳಿ ಇರುವೆಯೂ ಬರುತ್ತದೆ. ಅದರ ಗೂಡಿಗೆ ಬರಿಗೈ ಹಾಕಬೇಡಿ.

ಚಿಕಿತ್ಸೆಗೆ ಮೊದಲು ಪೈಪಿನ ನೀರು ಜೋರಾಗಿ ಬಿಟ್ಟು ತೊಳೆಯಿರಿ. ಉಳಿದ ಹುಳುಗಳನ್ನು ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಆಗಲೂ ಹೋಗದಿದ್ದರೆ ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಬೆರೆಯಲು ಸ್ವಲ್ಪ ದ್ರವ ಸೋಪು. ಮೊದಲು ನಾಲ್ಕು ಎಲೆಗೆ ಹಾಕಿ ಎರಡು ದಿನ ನೋಡಿ. ಸುಡದಿದ್ದರೆ ಪೂರ್ತಿ ಗಿಡಕ್ಕೆ ಸಂಜೆ ಹೊತ್ತು ಸಿಂಪಡಿಸಿ, ವಾರಕ್ಕೊಮ್ಮೆಯಂತೆ ಮೂರು ಸಲ. ಬಿಸಿಲಲ್ಲಿ ಎಣ್ಣೆ ಹಾಕಿದರೆ ಎಲೆ ಸುಡುತ್ತದೆ. ಸ್ಪಿರಿಟ್ ಬೇಗ ಬೆಂಕಿ ಹಿಡಿಯುತ್ತದೆ, ದೇವರ ದೀಪದ ಹತ್ತಿರ ಈ ಕೆಲಸ ಬೇಡ.

ರಾಸಾಯನಿಕ ಕೀಟನಾಶಕವನ್ನು ಬಾಲ್ಕನಿಯಲ್ಲಿ ಹೊಡೆಯುವುದನ್ನು ನಾನು ಒಪ್ಪುವುದಿಲ್ಲ. ಕೆಳಗಿನ ಮಹಡಿಯಲ್ಲಿ ಒಣಹಾಕಿದ ಬಟ್ಟೆ ಇರುತ್ತದೆ, ಮಕ್ಕಳಿರುತ್ತಾರೆ. ಈ ಹೂವನ್ನು ನಾವು ಮುಡಿಯುತ್ತೇವೆ, ಮೂಗಿಗೆ ಹಿಡಿಯುತ್ತೇವೆ ಅಲ್ವಾ?

‘ಎಳೆ ಎಲೆಯನ್ನು ಏನೋ ತಿಂದು ಹಾಕಿದೆ’

ಚಿಗುರೆಲೆಯ ಅಂಚು ಅರ್ಧ ಚಂದ್ರದ ಹಾಗೆ ತಿಂದಿದ್ದರೆ ಎಲೆಯ ಮೇಲೆ ಕೂತ ಮರಿಹುಳು ಹುಡುಕಿ. ಚಿಕ್ಕದಿದ್ದಾಗ ಕಪ್ಪು-ಕಂದು, ಬೆಳೆದಾಗ ಹಸಿರು, ಎದೆಯ ಭಾಗ ಉಬ್ಬಿರುತ್ತದೆ. ಇದು ಟೈಲ್ಡ್ ಜೇ ಎಂಬ ಚಿಟ್ಟೆಯ ಮರಿ. ಕಪ್ಪು ರೆಕ್ಕೆಯ ಮೇಲೆ ಹಸಿರು ಚುಕ್ಕೆ ಇರುವ, ಒಂದು ಕ್ಷಣ ನಿಲ್ಲದೆ ಹಾರುವ ಚಿಟ್ಟೆ. ಸೀತಾಫಲ, ಸಾಲು ಅಶೋಕ, ಮನೋರಂಜಿನಿ ಎಲ್ಲ ಇದರ ಮರಿಗೆ ಆಹಾರ. ಮುಂಬೈಯ ಸೊಸೈಟಿಗಳ ಗೋಡೆಯುದ್ದಕ್ಕೂ ಸಾಲು ಅಶೋಕ ಇರುವುದರಿಂದ ಈ ಚಿಟ್ಟೆ ಊರೊಳಗೂ ಆರಾಮಾಗಿ ಇದೆ.

ನನ್ನ ಸಲಹೆ, ಬಿಟ್ಟುಬಿಡಿ. ಬಲಿತ ಗಿಡಕ್ಕೆ ಹತ್ತಿಪ್ಪತ್ತು ಎಲೆ ಹೋದರೆ ನಷ್ಟವಿಲ್ಲ. ಮುಟ್ಟಿದರೆ ಹುಳು ತಲೆಯ ಹಿಂದಿನಿಂದ ಪುಟ್ಟ ಕವಲು ಕೊಂಬು ಹೊರಚಾಚಿ ವಾಸನೆ ಬಿಡುತ್ತದೆ, ಹೆದರಬೇಡಿ. ಇದು ಕಂಬಳಿಹುಳು ಅಲ್ಲ, ಮೈಮೇಲೆ ತುರಿಸುವ ಕೂದಲಿಲ್ಲ. ಗಿಡ ತೀರಾ ಚಿಕ್ಕದಾಗಿದ್ದರೆ ಮಾತ್ರ ಎಲೆಯ ಸಮೇತ ಹುಳುವನ್ನು ಹೊರಗಿನ ಸಾಲು ಅಶೋಕದ ಮೇಲೆ ಬಿಟ್ಟು ಬನ್ನಿ. ಮೈತುಂಬ ಕೂದಲಿರುವ ಹುಳು ಕಂಡರೆ ಅದು ಬೇರೆ ಜಾತಿ. ಅದನ್ನು ಮುಟ್ಟಬೇಡಿ, ಎಲೆಯನ್ನೇ ಕತ್ತರಿಸಿ ತೆಗೆಯಿರಿ.

‘ಕೈ ಮೀರಿ ಬೆಳೆದಿದೆ’

ನೆಲದಲ್ಲಿ ನೆಟ್ಟ ಗಿಡ ಕೆಲವೇ ವರ್ಷದಲ್ಲಿ ಪಕ್ಕದ ಮರ ಹತ್ತುತ್ತದೆ. ಫ್ಲ್ಯಾಟಿನಲ್ಲಿ ಮೇಲಿನ ಮನೆಯವರ ಗ್ರಿಲ್‌ಗೆ ಕೊಕ್ಕೆ ಹಾಕಿರುತ್ತದೆ. ಕತ್ತರಿಸುವುದಾದರೆ ಹೂವಿನ ಕಾಲ ಮುಗಿದು ಮಳೆ ನಿಂತ ಮೇಲೆ, ಅಕ್ಟೋಬರ್ ಹೊತ್ತಿಗೆ. ಮೂರರಲ್ಲಿ ಒಂದು ಭಾಗಕ್ಕಿಂತ ಜಾಸ್ತಿ ತೆಗೆಯಬೇಡಿ. ಪುಣೆಯವರು ಡಿಸೆಂಬರ್-ಜನವರಿಯ ಚಳಿಯಲ್ಲಿ ಕತ್ತರಿ ಹಿಡಿಯಬೇಡಿ, ಚಿಗುರು ನಿಂತುಬಿಡುತ್ತದೆ.

ಕೊಕ್ಕೆ ಬಟ್ಟೆಗೆ, ಕೈಗೆ ಸಿಕ್ಕಿಕೊಳ್ಳುತ್ತದೆ. ಹಳೆಯ ಕಾಂಡದಲ್ಲಿ ಮುಳ್ಳೂ ಇರಬಹುದು. ದಪ್ಪ ಗ್ಲೌಸ್, ಪೂರ್ತಿ ತೋಳಿನ ಅಂಗಿ ಹಾಕಿ. ಕೊಕ್ಕೆ ಹಾಕಿದ ರೆಂಬೆಯನ್ನು ಎಳೆಯಬೇಡಿ, ತುಂಡು ತುಂಡು ಮಾಡಿ ಬಿಡಿಸಿ. ಗ್ರಿಲ್‌ನಿಂದ ಹೊರಗೆ ಬಾಗಿ ಕತ್ತರಿಸುವ ಸಾಹಸ ಬೇಡ. ವಿದ್ಯುತ್ ತಂತಿಯವರೆಗೆ ಹೋಗಿದ್ದರೆ ನೀವು ಮುಟ್ಟಲೇಬೇಡಿ, ವಿದ್ಯುತ್ ಕಂಪನಿಯವರನ್ನು ಕರೆಯಿರಿ. ನೀರು ಕುಡಿದ ದೊಡ್ಡ ಕುಂಡ ತುಂಬಾ ಭಾರ. ಅದನ್ನು ಪ್ಯಾರಪೆಟ್ ಮೇಲೆ, ಹೊರಚಾಚಿದ ಗ್ರಿಲ್ ಮೇಲೆ ಇಡಬೇಡಿ. ಮಳೆಗಾಲದ ಗಾಳಿಗೆ ಅದು ಕೆಳಗೆ ಬಿದ್ದರೆ ಯಾರದ್ದಾದರೂ ಜೀವಕ್ಕೇ ಅಪಾಯ.

ಮನೋರಂಜಿನಿಯ ಘಮಕ್ಕೆ ಹಾವು ಬರುತ್ತದೆ ಎಂದು ಹಿರಿಯರು ಹೇಳುವುದುಂಟು. ಹಾವು ಬರುವುದು ಘಮಕ್ಕಲ್ಲ, ಇಲಿ, ಕಪ್ಪೆ ಮತ್ತು ಅಡಗುವ ಜಾಗಕ್ಕೆ. ಆದರೆ ಅವರ ಎಚ್ಚರಿಕೆ ಸರಿಯೇ. ಗೋವಾದ ಅಂಗಳದಲ್ಲಿ ದಟ್ಟವಾಗಿ ಬೆಳೆದ ಪೊದೆಯ ಬುಡ ಹಾವಿಗೆ ಒಳ್ಳೆಯ ತಾಣ. ನೆಲದಿಂದ ಎರಡು ಅಡಿಯವರೆಗಿನ ರೆಂಬೆ ತೆಗೆದು ಬುಡ ಕಾಣುವಂತೆ ಇಡಿ. ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ. ಕಚ್ಚಿದರೆ ಕಟ್ಟು ಬಿಗಿಯುವುದು, ಕುಯ್ಯುವುದು ಏನೂ ಬೇಡ. 108ಕ್ಕೆ ಕರೆ ಮಾಡಿ, ನೇರ ಆಸ್ಪತ್ರೆಗೆ ಹೋಗಿ.

ಹೂ ಮುಗಿದ ಮೇಲೆ ಗೊಂಚಲಾಗಿ ಹಸಿರು ಕಾಯಿ ಕಟ್ಟುತ್ತದೆ, ಹಣ್ಣಾದಾಗ ಹಳದಿ. ವಾಸನೆ ಚೆನ್ನಾಗಿದೆ ಎಂದು ಮಕ್ಕಳು ಬಾಯಿಗೆ ಹಾಕಬಾರದು. ಬೀಜವನ್ನೂ ಜಜ್ಜಿ ಆಟವಾಡಲು ಬಿಡಬೇಡಿ.

‘ಬೀಜ ಮೊಳೆಯುತ್ತಿಲ್ಲ, ಕಡ್ಡಿ ಬೇರು ಬಿಡುತ್ತಿಲ್ಲ’

ಬೀಜ ತಾಜಾ ಇರಬೇಕು, ಆದರೂ ಮೊಳೆಯಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಕುಂಡ ಎಸೆಯಬೇಡಿ. ಕಡ್ಡಿ ನೆಟ್ಟು ಬರುವುದು ಕಷ್ಟ. ಸುಲಭದ ದಾರಿ ಗೂಟಿ ಕಟ್ಟುವುದು. ಜೂನ್ ಮಳೆಯ ಶುರುವಿನಲ್ಲಿ ಪೆನ್ಸಿಲ್‌ಗಿಂತ ದಪ್ಪದ ರೆಂಬೆಯಲ್ಲಿ ಒಂದು ಇಂಚು ತೊಗಟೆ ಸುತ್ತಲೂ ತೆಗೆದು, ಒದ್ದೆ ಕೋಕೋಪೀಟ್ ಇಟ್ಟು ಪ್ಲಾಸ್ಟಿಕ್ ಸುತ್ತಿ ಕಟ್ಟಿ. ಬೇರು ಪ್ಲಾಸ್ಟಿಕ್‌ನೊಳಗೆ ಕಾಣುವವರೆಗೆ ಬಿಚ್ಚಬೇಡಿ.

ಯಾರಿಗೆ ತೋರಿಸುವುದು

ಎಳೆ ಎಲೆಯ ಹಳದಿ ಹೋಗುತ್ತಲೇ ಇಲ್ಲ, ಅಥವಾ ಒಂದಾದ ಮೇಲೆ ಒಂದು ರೆಂಬೆ ತುದಿಯಿಂದ ಒಣಗುತ್ತಾ ಬುಡದ ಕಡೆಗೆ ಬರುತ್ತಿದೆ ಎಂದಾದರೆ ಮನೆಮದ್ದು ನಿಲ್ಲಿಸಿ. ಕಿಸಾನ್ ಕಾಲ್ ಸೆಂಟರ್‌ನ ಉಚಿತ ಸಂಖ್ಯೆ 1800-180-1551ಕ್ಕೆ ಕರೆ ಮಾಡಿ ಕೇಳಬಹುದು. ಪುಣೆಯವರಿಗೆ ಶಿವಾಜಿನಗರದ ಕೃಷಿ ಕಾಲೇಜು ಹತ್ತಿರ. ಗೋವಾದವರಿಗೆ ಹಳೆ ಗೋವಾದ ಏಲಾದಲ್ಲಿ ಕೇಂದ್ರೀಯ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆ ಇದೆ. ಮುಂಬೈಯವರು ಭಾಯಖಳಾದ ರಾಣಿ ಬಾಗ್‌ನಲ್ಲಿ ಪಾಲಿಕೆ ನಡೆಸುವ ಗಿಡಗಳ ಪ್ರದರ್ಶನಕ್ಕೆ ಹೋದರೆ ತಿಳಿದವರು ಸಿಗುತ್ತಾರೆ. ಪುಣೆಯ ಎಂಪ್ರೆಸ್ ಗಾರ್ಡನ್‌ನಲ್ಲಿ ಜನವರಿಯಲ್ಲಿ ಆಗುವ ಹೂವಿನ ಪ್ರದರ್ಶನವೂ ಹಾಗೆಯೇ.

ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಒಂದು ಹಳೆಯ ಎಲೆ, ಒಂದು ಎಳೆಯ ಎಲೆ, ಪೂರ್ತಿ ಗಿಡದ ಫೋಟೋ, ಎಲೆಯ ಹಿಂಬದಿಯ ಫೋಟೋ, ಒಂದು ಹಿಡಿ ಮಣ್ಣು, ಒಂದು ಸಣ್ಣ ಬಾಟಲಿಯಲ್ಲಿ ನೀವು ಹಾಕುವ ನೀರು ತೆಗೆದುಕೊಂಡು ಹೋಗಿ. ಕಳೆದ ಮೂರು ತಿಂಗಳಲ್ಲಿ ಏನೇನು ಹಾಕಿದ್ದೀರಿ ಎಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಅವರು ಮೊದಲು ಕೇಳುವುದು ಅದನ್ನೇ.